ಸಿಗ್ನಲ್‌ನಲ್ಲಿ ಮಾತ್ರ ಹೀಟ್ ಆಗೋ ಕಾರು: ರೇಡಿಯೇಟರ್ ಫ್ಯಾನ್ ನಡೆದು ಬಂದ ದಾರಿ

ಇವತ್ತು ಒಂದು ಒಗಟಿನಿಂದ ಶುರು ಮಾಡೋಣ. ಒಂದು ಕಾರು ಬೆಂಗಳೂರಿನಿಂದ ತುಮಕೂರಿನ ಕಡೆ ಹೈವೇಯಲ್ಲಿ ಎಂಬತ್ತರ ಸ್ಪೀಡಲ್ಲಿ ಒಂದು ಗಂಟೆ ಓಡುತ್ತೆ. ಏನೂ ತೊಂದರೆ ಇಲ್ಲ. ಅದೇ ಕಾರು ವಾಪಸ್ ಬಂದು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತರೆ ಬಾನೆಟ್ ಸಂದಿಯಿಂದ ಹಬೆ ಬರುತ್ತೆ. ಓಡುವಾಗ ಎಂಜಿನ್‌ಗೆ ಜಾಸ್ತಿ ಕೆಲಸ, ನಿಂತಾಗ ಕಡಿಮೆ ಕೆಲಸ. ಹಾಗಿದ್ರೆ ನಿಂತಾಗ ಯಾಕೆ ಕುದಿಯಬೇಕು?

ಗಾಳಿ ಇಲ್ಲದ್ದಕ್ಕೆ. ಓಡುವಾಗ ಗಾಳಿ ತಾನಾಗೇ ಮುಂದಿನಿಂದ ರೇಡಿಯೇಟರ್ ಒಳಗೆ ನುಗ್ಗುತ್ತೆ. ನಿಂತಾಗ ಅದನ್ನ ಯಾರಾದ್ರೂ ಎಳೆದು ತರಬೇಕು. ಆ ಕೆಲಸ ಮಾಡೋದು ರೇಡಿಯೇಟರ್‌ಗೆ ಅಂಟಿಕೊಂಡು ಕೂತಿರೋ ಒಂದು ಎಲೆಕ್ಟ್ರಿಕ್ ಫ್ಯಾನು. ಇವತ್ತಿನ ಎಪಿಸೋಡ್ ಪೂರ್ತಿ ಅದರದ್ದೇ. ಅದು ತಿರುಗದಿದ್ರೆ ತಪ್ಪು ಎಲ್ಲಿ ಹುಡುಕಬೇಕು ಅಂತ ಹೇಳ್ತೀನಿ, ಆದ್ರೆ ಇತಿಹಾಸದ ದಾರಿ ಹಿಡಿದು. ಆ ಫ್ಯಾನಿನ ಸರ್ಕ್ಯೂಟಿನಲ್ಲಿರೋ ಒಂದೊಂದು ಭಾಗವೂ ಯಾವುದೋ ಕಾಲದಲ್ಲಿ ಯಾವುದೋ ಒಂದು ತೊಂದರೆಗೆ ಪರಿಹಾರ ಅಂತ ಬಂದು ಸೇರಿಕೊಂಡಿದ್ದು. ಯಾಕೆ ಬಂತು ಅಂತ ಗೊತ್ತಿದ್ರೆ, ಕೆಟ್ಟಾಗ ಏನಾಗುತ್ತೆ ಅನ್ನೋದನ್ನ ಬಾಯಿಪಾಠ ಮಾಡಬೇಕಾಗಿಲ್ಲ.

ಶುರುವಿನಿಂದ ಬರೋಣ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಆ ಗಾಡಿಯಲ್ಲಿ ಈಗಿನ ತರಹದ ರೇಡಿಯೇಟರ್ ಇರಲಿಲ್ಲ, ಫ್ಯಾನೂ ಇರಲಿಲ್ಲ. ಎಂಜಿನ್ ಸುತ್ತ ನೀರು, ಆ ನೀರು ಕುದ್ದು ಹಬೆಯಾಗಿ ಹೋಗುತ್ತೆ, ಹಬೆಯ ಜೊತೆ ಬಿಸಿಯೂ ಹೋಗುತ್ತೆ. ಇವತ್ತು ನಾವು ಯಾವುದನ್ನ 'ಗಾಡಿ ಬಾಯ್ಲ್ ಆಯ್ತು' ಅಂತ ತಲೆ ಮೇಲೆ ಕೈ ಇಟ್ಕೊಂಡು ಹೇಳ್ತೀವೋ, ಆ ಗಾಡಿಗೆ ಅದೇ ಕೂಲಿಂಗ್ ಸಿಸ್ಟಮ್! 1888ರ ಆಗಸ್ಟ್‌ನಲ್ಲಿ ಕಾರ್ಲ್‌ನ ಹೆಂಡತಿ ಬೆರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟುಬಿಟ್ಟಳು. ನೂರು ಕಿಲೋಮೀಟರ್ ಚಿಲ್ಲರೆ ದೂರ. ಪೆಟ್ರೋಲ್ ಬಂಕ್ ಅನ್ನೋದೇ ಇಲ್ಲದ ಕಾಲ. ವೀಸ್ಲೋಖ್ ಅನ್ನೋ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು ಅನ್ನೋ ಕಥೆಯನ್ನ ನೀವು ಕೇಳಿರಬಹುದು. ಅಷ್ಟು ಜನಪ್ರಿಯ ಆಗದ ವಿಷಯ ಏನಂದ್ರೆ, ದಾರಿಯುದ್ದಕ್ಕೂ ಆಕೆ ಹುಡುಕಿದ್ದು ಇಂಧನಕ್ಕಿಂತ ಹೆಚ್ಚಾಗಿ ನೀರನ್ನ. ನಿಲ್ಲಿಸಿದಲ್ಲೆಲ್ಲ ನೀರು ತುಂಬಿಸಲೇಬೇಕಿತ್ತು. ಮೋಟಾರು ಗಾಡಿಯ ಮೊದಲ ದೂರ ಪ್ರಯಾಣ ಒಂದು ಲೆಕ್ಕದಲ್ಲಿ ನೀರಿನ ಹುಡುಕಾಟವೇ.

ಪೆಟ್ರೋಲ್ ಎಂಜಿನ್ನಿನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೂಲಿಂಗ್ ನೀರಿಗೆ ಬಿಸಿಯಾಗಿ ಹೋಗುತ್ತೆ. ಎಂಜಿನ್ ದೊಡ್ಡದಾದಷ್ಟೂ ಹೊತ್ತುಕೊಂಡು ಹೋಗಬೇಕಾದ ನೀರೂ ಹೆಚ್ಚು. ಇದನ್ನ ಬಿಡಿಸಿದ್ದು ವಿಲ್ಹೆಲ್ಮ್ ಮೈಬಾಖ್. ಎಮಿಲ್ ಯೆಲ್ಲಿನೆಕ್ ಅನ್ನೋ ಶ್ರೀಮಂತ ವ್ಯಾಪಾರಿ ಡೈಮ್ಲರ್ ಕಂಪನಿಗೆ 'ರೇಸ್ ಗೆಲ್ಲೋ ಕಾರು ಮಾಡಿಕೊಡಿ, ಅದಕ್ಕೆ ನನ್ನ ಮಗಳ ಹೆಸರಿಡಿ' ಅಂದ. ಮಗಳ ಹೆಸರು ಮರ್ಸಿಡಿಸ್. 1901ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಓಟದಲ್ಲಿ ಎಲ್ಲರ ಕಣ್ಣು ಕುಕ್ಕಿದ ಆ ಕಾರಿನಲ್ಲಿ ಮೈಬಾಖ್ ಜೇನುಗೂಡಿನಂಥ ರೇಡಿಯೇಟರ್ ಇಟ್ಟಿದ್ದ. ಚೌಕಾಕಾರದ 8,070 ಪುಟ್ಟ ಕೊಳವೆಗಳು, ಅವುಗಳೊಳಗೆ ಗಾಳಿ, ಸಂದಿಯಲ್ಲಿ ನೀರು. ಒಟ್ಟು 9 ಲೀಟರ್ ನೀರು ಸಾಕಾಯ್ತು. ಜೊತೆಗೆ ಆತ ಇನ್ನೊಂದು ಕೆಲಸ ಮಾಡಿದ: ರೇಡಿಯೇಟರ್ ಹಿಂದೆ ಒಂದು ಸಣ್ಣ ಫ್ಯಾನ್ ಕೂರಿಸಿದ. ಕಾರು ನಿಧಾನ ಹೋಗುವಾಗ ಗಾಳಿ ಸಾಲಲ್ಲ ಅನ್ನೋದೇ ಅದಕ್ಕೆ ಕಾರಣ. ಟ್ರಾಫಿಕ್ ಜಾಮ್ ಅನ್ನೋ ಪದ ನಮ್ಮ ಬಾಯಿಗೆ ಬರೋದಕ್ಕೆ ಎಷ್ಟೋ ಮೊದಲೇ ಜಾಮ್‌ಗೆ ಬೇಕಾದ ಫ್ಯಾನ್ ಬಂದಿತ್ತು.

ಮುಂದಿನ ಅರವತ್ತು ಎಪ್ಪತ್ತು ವರ್ಷ ಆ ಫ್ಯಾನನ್ನ ತಿರುಗಿಸಿದ್ದು ಎಂಜಿನ್ನೇ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಫ್ಯಾನ್‌ಗೆ ಚಪ್ಪಟೆ ಚರ್ಮದ ಪಟ್ಟಿ ಇತ್ತು. ಚರ್ಮ ಅಂದ್ರೆ ಗೊತ್ತಲ್ಲ, ಜಗ್ಗುತ್ತೆ, ಜಾರುತ್ತೆ. 1917ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ ಇಂಗ್ಲಿಷಿನ 'ವಿ' ಆಕಾರದ ರಬ್ಬರ್ ಬೆಲ್ಟ್ ತಂದ. ಪುಲ್ಲಿಯ ಸಂದಿಯೊಳಗೆ ಕಚ್ಚಿ ಕೂರೋ ಈ ಬೆಲ್ಟೇ ಆಮೇಲೆ ನಮ್ಮೂರ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಗೋಡೆ ತುಂಬ ಹಾರದ ಹಾಗೆ ನೇತಾಡಿದ 'ಫ್ಯಾನ್ ಬೆಲ್ಟ್'.

ನಮ್ಮ ಅಂಬಾಸಿಡರ್ ಈ ಕಾಲದ ಮಗು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಗಾಡಿಯಲ್ಲಿ ಒಂದೇ ಬೆಲ್ಟ್ ಮೂರು ಕೆಲಸ ಮಾಡ್ತಿತ್ತು: ಫ್ಯಾನ್, ವಾಟರ್ ಪಂಪ್, ಡೈನಮೋ. ಬೆಲ್ಟ್ ಹರಿದ್ರೆ ಮೂರೂ ಒಟ್ಟಿಗೆ ನಿಲ್ಲುತ್ತೆ. ಕೇಳೋಕೆ ಭಯಾನಕ ಅನ್ಸುತ್ತೆ, ಆದ್ರೆ ಇದರಲ್ಲೊಂದು ಒಳ್ಳೇದಿತ್ತು. ಡೈನಮೋ ನಿಂತ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗ್ ದೀಪ ಹತ್ತುತ್ತಿತ್ತು. ಡ್ರೈವರ್‌ಗೆ ತಕ್ಷಣ ಗೊತ್ತಾಗ್ತಿತ್ತು. ಡಿಕ್ಕಿಯಲ್ಲಿ ಒಂದು ಸ್ಪೇರ್ ಬೆಲ್ಟ್, ಎರಡು ಸ್ಪ್ಯಾನರ್, ಒಂದು ಕ್ಯಾನ್ ನೀರು ಇಟ್ಟುಕೊಳ್ಳದೆ ಶಿರಾಡಿ ಘಾಟಿಯನ್ನೋ ಆಗುಂಬೆಯನ್ನೋ ಹತ್ತೋರು ಕಡಿಮೆ. ಘಾಟಿಯ ತಿರುವಿನಲ್ಲಿ ಬಾನೆಟ್ ಎತ್ತಿ, ಮುಚ್ಚಳದ ಮೇಲೆ ಒದ್ದೆ ಗೋಣಿಚೀಲ ಹಾಕಿ, ತಣ್ಣಗಾಗೋ ತನಕ ಬೀಡಿ ಸೇದುತ್ತಾ ಕೂತಿರ್ತಿದ್ದ ಡ್ರೈವರ್‌ಗಳ ಚಿತ್ರ ನಿಮ್ಮ ಅಪ್ಪ ಅಮ್ಮನ ತಲೆಮಾರಿನವರಿಗೆಲ್ಲ ಗೊತ್ತು.

ಘಾಟಿಯಲ್ಲೇ ಯಾಕೆ ಅಷ್ಟೊಂದು ಗಾಡಿ ನಿಲ್ಲುತ್ತಿದ್ದವು? ಬೆಲ್ಟ್ ಫ್ಯಾನಿನ ದೊಡ್ಡ ದೌರ್ಬಲ್ಯ ಅಲ್ಲಿದೆ. ಫ್ಯಾನಿನ ವೇಗ ಎಂಜಿನ್ನಿನ ವೇಗಕ್ಕೆ ಕಟ್ಟಿಹಾಕಿದ್ದು. ಹೈವೇಯಲ್ಲಿ, ಗಾಳಿ ತಾನಾಗೇ ಬರೋವಾಗ, ಫ್ಯಾನ್ ಹುಚ್ಚಾಪಟ್ಟೆ ತಿರುಗಿ ಸದ್ದು ಮಾಡುತ್ತೆ, ಎಂಜಿನ್ನಿನ ಶಕ್ತಿ ತಿನ್ನುತ್ತೆ. ಜಾಮ್‌ನಲ್ಲಿ ನಿಂತಾಗ ಅಥವಾ ಲಾರಿ ಹಿಂದೆ ತೆವಳುವಾಗ, ಗಾಳಿ ನಿಜವಾಗಿ ಬೇಕಾದ ಹೊತ್ತಿನಲ್ಲಿ, ಎಂಜಿನ್ ನಿಧಾನ, ಹಾಗಾಗಿ ಫ್ಯಾನೂ ನಿಧಾನ. ಹಬ್ಬದ ಊಟ ಆದ ಮೇಲೆ ಹೋಳಿಗೆ ಬಡಿಸಿದ ಹಾಗೆ. ಇದು ಎಲ್ಲ ಎಂಜಿನಿಯರ್‌ಗಳಿಗೂ ಗೊತ್ತಿತ್ತು. ಆದ್ರೂ ಬದಲಾಯಿಸೋಕೆ ಬೇರೆಯದೇ ಒಂದು ಒತ್ತಾಯ ಬೇಕಾಯ್ತು.

ಆ ಒತ್ತಾಯ ಬಂದದ್ದು ಜಾಗದ ಕೊರತೆಯಿಂದ. 1959ರಲ್ಲಿ ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಬ್ರಿಟನ್ನಿನ ಮಿನಿ ಬಂತು. ಆತ ಎಂಜಿನ್ನನ್ನ ಉದ್ದಕ್ಕೆ ಇಡದೆ ಅಡ್ಡಕ್ಕೆ ಇಟ್ಟ, ಮುಂದಿನ ಚಕ್ರಗಳನ್ನೇ ಓಡಿಸಿದ. ಮೂರು ಮೀಟರ್ ಚಿಲ್ಲರೆ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂತ್ಕೊಂಡ್ರು. ಆದ್ರೆ ಈಗ ಫ್ಯಾನ್ ಎಲ್ಲಿಡೋದು? ನಿಮ್ಮ ಕೈಯಲ್ಲಿರೋ ಮೊಬೈಲನ್ನೇ ಎಂಜಿನ್ ಅಂದ್ಕೊಳ್ಳಿ. ಉದ್ದಕ್ಕೆ ಹಿಡಿದ್ರೆ ಅದರ ಮೇಲ್ತುದಿ ಕಾರಿನ ಮುಂದಕ್ಕೆ ನೋಡುತ್ತೆ. ಪುಲ್ಲಿ ಇರೋದು ಆ ತುದಿಯಲ್ಲಿ, ಅದರ ಎದುರಿಗೇ ರೇಡಿಯೇಟರ್, ನಡುವೆ ಫ್ಯಾನ್. ಸರಳ. ಮೊಬೈಲನ್ನ ಅಡ್ಡ ತಿರುಗಿಸಿದ್ರೆ ಪುಲ್ಲಿಯ ತುದಿ ಚಕ್ರದ ಕಡೆ ನೋಡುತ್ತೆ, ರೇಡಿಯೇಟರ್ ಮಾತ್ರ ಇನ್ನೂ ಮುಂದೇ ಇರಬೇಕು. ಬೆಲ್ಟ್ ಅಲ್ಲಿಗೆ ಸುಲಭಕ್ಕೆ ಹೋಗಲ್ಲ. ಇಸಿಗೊನಿಸ್ ಮಾಡಿದ ಉಪಾಯ ಅಂದ್ರೆ ರೇಡಿಯೇಟರನ್ನೇ ಪಕ್ಕಕ್ಕೆ ತಳ್ಳಿ, ಚಕ್ರದ ಗೂಡಿನ ಕಡೆ ಗಾಳಿ ಊದಿಸಿದ್ದು. ಜಾಣತನ ಹೌದು. ಆದ್ರೆ ಎದುರುಗಾಳಿಯ ಪುಕ್ಕಟೆ ಲಾಭ ಹೋಯ್ತು.

ಇದನ್ನ ನೇರವಾಗಿ ಬಿಡಿಸಿದ್ದು ಇಟಲಿಯ ಡಾಂಟೆ ಜಕೋಸಾ. ಫಿಯಟ್ ಕಂಪನಿಯ ಈ ಎಂಜಿನಿಯರ್ 1969ರ ಫಿಯಟ್ 128 ಕಾರಿನಲ್ಲಿ ಅಡ್ಡ ಎಂಜಿನ್, ಅದರ ಪಕ್ಕದಲ್ಲೇ ಗೇರ್‌ಬಾಕ್ಸ್ ಇಟ್ಟು, ರೇಡಿಯೇಟರನ್ನ ವಾಪಸ್ ಮುಂದಕ್ಕೆ ತಂದ. ಬೆಲ್ಟ್ ತಲುಪದ ಕಡೆಗೆ ವೈರ್ ತಲುಪುತ್ತಲ್ಲ! ಫ್ಯಾನಿಗೆ ಒಂದು ಎಲೆಕ್ಟ್ರಿಕ್ ಮೋಟಾರ್ ಕೊಟ್ಟ. ಮರುವರ್ಷ ಆ ಕಾರಿಗೆ 'ಯೂರೋಪಿನ ವರ್ಷದ ಕಾರು' ಪ್ರಶಸ್ತಿ ಬಂತು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕೂಡ ಅದೇ ದಾರಿ ಹಿಡೀತು. ಇವತ್ತು ನಮ್ಮ ರಸ್ತೆಯ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲವೂ ಜಕೋಸಾನ ಆ ಜೋಡಣೆಯ ಮೊಮ್ಮಕ್ಕಳೇ. ನನ್ನ ಕೇಳಿದ್ರೆ, ಹೆನ್ರಿ ಫೋರ್ಡ್ ಹೆಸರು ಗೊತ್ತಿರೋ ನಮಗೆ ಜಕೋಸಾನ ಹೆಸರು ಗೊತ್ತಿಲ್ಲದೇ ಇರೋದು ಅನ್ಯಾಯ.

ಭಾರತದ ಬಾಗಿಲಿಗೆ ಇದನ್ನ ಮನೆಮಾತಾಗುವಷ್ಟು ದೊಡ್ಡದಾಗಿ ತಂದದ್ದು ಮಾರುತಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರಿನ ಕೀಯನ್ನ ಕೊಂಡವರ ಕೈಗೆ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್, ಅಡ್ಡ ಎಂಜಿನ್, ಮುಂದಿನ ಚಕ್ರಕ್ಕೆ ಶಕ್ತಿ. ಫ್ಯಾನ್ ಎಲೆಕ್ಟ್ರಿಕ್. ಅಂಬಾಸಿಡರ್, ಪದ್ಮಿನಿ ನೋಡಿ ಬೆಳೆದ ಮೆಕ್ಯಾನಿಕ್‌ಗಳಿಗೆ ಇದೊಂದು ವಿಚಿತ್ರ: ಎಂಜಿನ್ ಓಡ್ತಿದೆ, ಫ್ಯಾನ್ ನಿಂತಿದೆ! ಸ್ವಲ್ಪ ಹೊತ್ತಿಗೆ ತಾನಾಗೇ ಗುಂಯ್ ಅಂತ ಶುರು, ಮತ್ತೆ ತಾನಾಗೇ ನಿಲುಗಡೆ.

ಹಾಗಾದ್ರೆ ಫ್ಯಾನ್‌ಗೆ ಯಾವಾಗ ತಿರುಗಬೇಕು ಅಂತ ಹೇಳೋರು ಯಾರು? ಇಲ್ಲಿ ನಾವು ಒಂದಷ್ಟು ಹಿಂದಕ್ಕೆ, ಹಡಗುಗಳ ಕಾಲಕ್ಕೆ ಹೋಗಬೇಕು. 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಅನ್ನೋ ಇಂಗ್ಲಿಷ್ ಗಡಿಯಾರ ತಯಾರಕ ಸಮುದ್ರದ ನಡುವೆಯೂ ತಪ್ಪದೆ ಓಡೋ ಗಡಿಯಾರ ಮಾಡೋಕೆ ಜೀವಮಾನ ಸವೆಸಿದ. ಬಿಸಿಲು ಚಳಿಗೆ ಲೋಹ ಹಿಗ್ಗಿ ಕುಗ್ಗಿ ಗಡಿಯಾರ ತಪ್ಪಾಗ್ತಿತ್ತು. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನ ಒಂದಕ್ಕೊಂದು ಬೆಸೆದ್ರೆ, ಬಿಸಿಯಾದಾಗ ಒಂದು ಹೆಚ್ಚು ಹಿಗ್ಗಿ ಇಡೀ ಪಟ್ಟಿ ಬಾಗುತ್ತೆ ಅನ್ನೋದನ್ನ ಆತ ಕೆಲಸಕ್ಕೆ ಹಚ್ಚಿದ. ಹಳೇ ಕಾರುಗಳ ರೇಡಿಯೇಟರ್‌ಗೆ ತಿರುಗಿಸಿ ಕೂರಿಸ್ತಿದ್ದ ಹಿತ್ತಾಳೆಯ ಥರ್ಮೋ ಸ್ವಿಚ್ ಒಳಗೆ ಇರೋದು ಇದೇ ತತ್ವದ ಪುಟ್ಟ ಬಿಲ್ಲೆ. ನೀರು ಸುಮಾರು ತೊಂಬತ್ತು ಡಿಗ್ರಿ ದಾಟಿದಾಗ ಬಿಲ್ಲೆ ಟಪ್ ಅಂತ ಮಗುಚಿಕೊಳ್ಳುತ್ತೆ, ಸರ್ಕ್ಯೂಟ್ ಕೂಡಿಕೊಳ್ಳುತ್ತೆ, ಫ್ಯಾನ್ ತಿರುಗುತ್ತೆ.

ಇದರಿಂದ ಒಂದು ವಿಷಯ ತಾನಾಗೇ ಹೊರಡುತ್ತೆ, ನೋಡಿ. ಸ್ವಿಚ್ ನೀರಿನ ಬಿಸಿಯನ್ನ ಮುಟ್ಟಿ ನೋಡಬೇಕು. ಕೂಲೆಂಟ್ ಸೋರಿ ಮಟ್ಟ ಇಳಿದಿದ್ರೆ, ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದ್ರೆ, ಸ್ವಿಚ್ ಸುತ್ತ ನೀರೇ ಇರಲ್ಲ. ಎಂಜಿನ್ ಸುಡ್ತಾ ಇರುತ್ತೆ, ಸ್ವಿಚ್ 'ಎಲ್ಲ ತಣ್ಣಗಿದೆ' ಅಂದ್ಕೊಂಡು ಸುಮ್ಮನಿರುತ್ತೆ. ಹಾಗಾಗಿ ಫ್ಯಾನ್ ತಿರುಗಲಿಲ್ಲ ಅಂದ್ರೆ ಮೊದಲು ನೋಡಬೇಕಾದ್ದು ಕೂಲೆಂಟ್ ಮಟ್ಟವನ್ನ. ಅದೂ ಎಂಜಿನ್ ಪೂರ್ತಿ ಆರಿದ ಮೇಲೆ. ರೇಡಿಯೇಟರ್ ಮುಚ್ಚಳ ನಿಮ್ಮ ಮನೆಯ ಕುಕ್ಕರಿನ ವೆಯ್ಟ್ ಇದ್ದ ಹಾಗೆ: ಒತ್ತಡದಲ್ಲಿ ಹಿಡಿದಿಟ್ಟು, ನೀರು ನೂರು ಡಿಗ್ರಿ ದಾಟಿದ್ರೂ ಕುದಿಯದ ಹಾಗೆ ಮಾಡುತ್ತೆ. ಬಿಸಿ ಇರೋವಾಗ ಅದನ್ನ ತಿರುಗಿಸಿದ್ರೆ ಒತ್ತಡ ಒಮ್ಮೆಲೇ ಹೋಗಿ, ಒಳಗಿನದ್ದೆಲ್ಲ ಕುದ್ದು ಮುಖಕ್ಕೇ ಚಿಮ್ಮುತ್ತೆ. ಬಟ್ಟೆ ಹಾಕಿ ತೆಗೀತೀನಿ ಅನ್ನೋ ಸಾಹಸವೂ ಬೇಡ.

ಮುಂದಿನ ಪಾತ್ರ ರಿಲೇ. ಲೆಕ್ಕ ಹಾಕಿ: 120 ವ್ಯಾಟ್‌ನ ಫ್ಯಾನ್ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತೆ. ಶುರುವಾಗೋ ಗಳಿಗೆಯಲ್ಲಿ ಇನ್ನೂ ಹೆಚ್ಚು. ಅಷ್ಟು ಕರೆಂಟನ್ನ ಆ ಪುಟ್ಟ ಬಿಲ್ಲೆಯ ಮೂಲಕವೇ ಹಾಯಿಸಿದ ಕಾರುಗಳೂ ಇದ್ದವು. ಆದ್ರೆ ಪ್ರತಿ ಸಲ ಕಿಡಿ ಹಾರಿ ಹಾರಿ ಬಿಲ್ಲೆಯ ತುದಿ ಸವೆದು ಹೋಗುತ್ತೆ. ಪರಿಹಾರ ಟೆಲಿಗ್ರಾಫ್ ಕಾಲದಿಂದಲೇ ಸಿದ್ಧ ಇತ್ತು. ಅಮೆರಿಕದ ಜೋಸೆಫ್ ಹೆನ್ರಿ 1835ರಲ್ಲೇ ಸಣ್ಣ ಕರೆಂಟಿನಿಂದ ವಿದ್ಯುತ್ಕಾಂತ ಎಬ್ಬಿಸಿ, ಆ ಕಾಂತದಿಂದ ಇನ್ನೊಂದು ದೊಡ್ಡ ಸರ್ಕ್ಯೂಟನ್ನ ನಿಯಂತ್ರಿಸಿ ತೋರಿಸಿದ್ದ. ತಂತಿಯ ದೂರ ಹೆಚ್ಚಾದಂತೆ ಬಲಹೀನವಾಗೋ ಸಂದೇಶವನ್ನ ಮತ್ತೆ ತಾಜಾ ಮಾಡಿ ಮುಂದೆ ದಾಟಿಸೋಕೆ ಟೆಲಿಗ್ರಾಫ್‌ನವರು ಅದನ್ನ ಬಳಸಿದ್ರು. ದಾರಿಯಲ್ಲಿ ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹೂಡೋ ಪದ್ಧತಿಯ ಹೆಸರೇ ಈ ರಿಲೇಗೂ ಬಂತು. ಕಾರಿನ ರಿಲೇ ಒಳಗಿನ ಸುರುಳಿಗೆ ಬೇಕಾದ್ದು ಒಂದು ಆಂಪಿಯರ್‌ನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಥರ್ಮೋ ಸ್ವಿಚ್ ಅಷ್ಟನ್ನು ಮಾತ್ರ ಹಾಯಿಸಿದ್ರೆ ಸಾಕು, ಭಾರ ಹೊರೋ ಕೆಲಸ ರಿಲೇಯದ್ದು.

ರಿಲೇಯನ್ನ ಕಿತ್ತು ಅಡಿಗೆ ನೋಡಿದ್ರೆ 30, 85, 86, 87 ಅನ್ನೋ ಅಂಕಿಗಳು ಕಾಣುತ್ತವೆ. ಇವು ಲಾಟರಿ ನಂಬರ್ ಅಲ್ಲ, ಜರ್ಮನಿಯ ಒಂದು ಮಾನಕ ಗೊತ್ತು ಮಾಡಿದ ಗುರುತುಗಳು. 30ಕ್ಕೆ ಬ್ಯಾಟರಿಯಿಂದ ಕರೆಂಟ್ ಬರುತ್ತೆ, 87ರಿಂದ ಫ್ಯಾನಿಗೆ ಹೋಗುತ್ತೆ. 85, 86 ಒಳಗಿನ ಸುರುಳಿಯದ್ದು. ಭಾಷೆ ಬರದ ಊರಲ್ಲಿ ಬಸ್ಸಿನ ನಂಬರ್ ನೋಡಿ ಹತ್ತಿದ ಹಾಗೆ, ಈ ನಾಲ್ಕು ಅಂಕಿ ಗೊತ್ತಿದ್ರೆ ಎಷ್ಟೋ ಕಂಪನಿಯ ಕಾರುಗಳ ರಿಲೇ ಓದಬಹುದು. ಇನ್ನು ಫ್ಯೂಸ್. ಎಡಿಸನ್ 1890ರಲ್ಲಿ ಪೇಟೆಂಟ್ ಪಡೆದ ಉಪಾಯದ ಮೊಮ್ಮಗ. ಅದು ಹೋದ್ರೆ ಹೊಸದು ಹಾಕಿ, ಆದ್ರೆ ಅದೇ ಆಂಪಿಯರಿನದ್ದು ಮಾತ್ರ. ಮತ್ತೆ ಮತ್ತೆ ಹೋಗ್ತಿದ್ರೆ ಫ್ಯೂಸಿನ ತಪ್ಪಲ್ಲ. ಬೇರಿಂಗ್ ಬಿಗಿದುಕೊಂಡ ಮೋಟಾರ್ ಜಾಸ್ತಿ ಕರೆಂಟ್ ಎಳೀತಿದೆ, ಇಲ್ಲವೇ ಎಲ್ಲೋ ವೈರ್ ಉಜ್ಜಿ ಶಾರ್ಟ್ ಆಗ್ತಿದೆ. ಅಲ್ಲಿಗೆ ತಾಮ್ರದ ತಂತಿ ಸುತ್ತೋದು ಅಂದ್ರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ.

ಈ ಎಪಿಸೋಡ್ ಸಿದ್ಧ ಮಾಡೋವಾಗ ನಾನು ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಒಂದು ಸಣ್ಣ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆ. ಅಂಗಡಿಯ ಹಿರಿಯರು ಅಂಬಾಸಿಡರ್ ಕಾಲದಿಂದ ಈ ಕೆಲಸದಲ್ಲಿದ್ದಾರೆ. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಹುಡುಗ ಟ್ಯಾಕ್ಸಿ ತಂದು ನಿಲ್ಲಿಸಿದ. ಮುಖದಲ್ಲಿ ಕಳೆ ಇಲ್ಲ.

'ಅಣ್ಣಾ, ಸಿಗ್ನಲ್‌ನಲ್ಲಿ ಹೀಟ್ ಆಗ್ತಿದೆ. ಸರ್ವಿಸ್ ಸೆಂಟರ್‌ನಲ್ಲಿ ಫ್ಯಾನ್ ಪೂರ್ತಿ ಸೆಟ್ಟೇ ಚೇಂಜ್ ಮಾಡ್ಬೇಕು ಅಂದ್ರು. ಮೂರು ದಿನ ಗಾಡಿ ಬಿಡ್ಬೇಕಂತೆ. ಮೂರು ದಿನ ಬಿಟ್ರೆ ಇಎಂಐ ಯಾರು ಕಟ್ತಾರೆ?'

'ನಿಲ್ಲಪ್ಪ, ನೋಡೋಣ. ಎಸಿ ಹಾಕು' ಅಂದ್ರು ಹಿರಿಯರು.

ಎಸಿ ಯಾಕೆ ಅಂತ ಕೇಳ್ದೆ. ಎಸಿ ಬಂದ ಮೇಲೆ ರೇಡಿಯೇಟರ್ ಮುಂದೆ ಕಂಡೆನ್ಸರ್ ಅನ್ನೋ ಇನ್ನೊಂದು ಜಾಲರಿ ಬಂತು, ಅದಕ್ಕೂ ಗಾಳಿ ಬೇಕು. ಹಾಗಾಗಿ ಬಹುತೇಕ ಕಾರುಗಳಲ್ಲಿ ಎಸಿ ಹಾಕಿದ್ರೆ ಎಂಜಿನ್ ಬಿಸಿಯಾಗೋ ತನಕ ಕಾಯದೆ ಫ್ಯಾನ್ ತಿರುಗಬೇಕು. ಎಸಿ ಹಾಕಿದಾಗ ತಿರುಗಿ, ಬಿಸಿಯಾದಾಗ ಮಾತ್ರ ತಿರುಗದಿದ್ರೆ, ಮೋಟಾರ್ ಚೆನ್ನಾಗಿದೆ, ಬಿಸಿ ಅಳೆಯೋ ಕಡೆ ತೊಂದರೆ ಅಂತ ಅರ್ಥ. ಎರಡಕ್ಕೆ ಬೇರೆ ಬೇರೆ ಫ್ಯಾನ್ ಇರೋ ಕಾರುಗಳಲ್ಲಿ ಮಾತ್ರ ಯಾವುದು ತಿರುಗ್ತಿದೆ ಅಂತ ನೋಡ್ಕೋಬೇಕು. ಈ ಹುಡುಗನ ಗಾಡಿಯಲ್ಲಿದ್ದದ್ದು ಒಂದೇ ಫ್ಯಾನ್, ಅದು ಎಸಿಗೂ ತಿರುಗಲಿಲ್ಲ.

ಹಿರಿಯರು ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದ್ರು. ಸರಿಯಿತ್ತು. ರಿಲೇ ಮೇಲೆ ಬೆರಳಿಟ್ಟು 'ಎಸಿ ಆಫ್ ಮಾಡು, ಆನ್ ಮಾಡು' ಅಂದ್ರು. ನನ್ನ ಬೆರಳನ್ನೂ ಇಡಿಸಿದ್ರು. ಟಿಕ್, ಟಿಕ್. ಜೋಸೆಫ್ ಹೆನ್ರಿಯ ಕಾಂತ ಕೆಲಸ ಮಾಡ್ತಿದೆ, ಅಂದ್ರೆ ಆಜ್ಞೆ ಬರ್ತಿದೆ. ಆಮೇಲೆ ಫ್ಯಾನಿನ ಕನೆಕ್ಟರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನ ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಮೊನೆಯನ್ನ ಕರೆಂಟ್ ಬರೋ ಪಿನ್ನಿಗೆ ಮುಟ್ಟಿಸಿದ್ರು. ದೀಪ ಜಗ್ಗಂತ ಹತ್ತಿತು. ಕರೆಂಟ್ ಫ್ಯಾನಿನ ಬಾಗಿಲ ತನಕ ಬಂದಿದೆ. ಹುಡುಗನ ಮುಖ ಇನ್ನೂ ಬಾಡಿತು. ಹಾಗಾದ್ರೆ ಮೋಟಾರೇ ಹೋಗಿದೆ ಅಂತ ಅವನ ಲೆಕ್ಕ. ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಎಷ್ಟೋ ಗ್ಯಾರೇಜುಗಳಲ್ಲಿ ತಪಾಸಣೆ ಇಲ್ಲಿಗೇ ಮುಗಿಯುತ್ತೆ.

ಹಿರಿಯರು ಕ್ಲಿಪ್ಪನ್ನ ಬ್ಯಾಟರಿಯಿಂದ ತೆಗೆದು, ಅದೇ ಕನೆಕ್ಟರಿನ ಅರ್ಥ್ ಪಿನ್ನಿಗೆ ಹಾಕಿದ್ರು. ದೀಪ ಹತ್ತಲಿಲ್ಲ.

'ಕರೆಂಟು ಹೋಗೋದನ್ನ ಎಲ್ರೂ ನೋಡ್ತಾರೆ ಸಾರ್, ವಾಪಸ್ ಬರೋದನ್ನ ಯಾರೂ ನೋಡಲ್ಲ' ಅಂದ್ರು ನನ್ನ ಕಡೆ ತಿರುಗಿ.

ಇದಕ್ಕೂ ಒಂದು ಇತಿಹಾಸ ಇದೆ. ತಾಮ್ರ ಉಳಿಸೋಕೆ ಅಂತ ಮೊದಮೊದಲೇ ಕಾರು ತಯಾರಕರು ಒಂದು ವೈರ್ ಮಾತ್ರ ಎಳೆದು, ವಾಪಸ್ ಬರೋ ದಾರಿಗೆ ಕಾರಿನ ಲೋಹದ ಮೈಯನ್ನೇ ಬಳಸಿದ್ರು. ಬ್ರಿಟಿಷ್ ಕಾರುಗಳಲ್ಲಿ ಒಂದು ಕಾಲಕ್ಕೆ ಬ್ಯಾಟರಿಯ ಪಾಸಿಟಿವ್ ಕಡೆಯನ್ನೇ ಮೈಗೆ ಜೋಡಿಸ್ತಿದ್ರು. ಯಾವ ಕಡೆ ಜೋಡಿಸಿದ್ರೂ, ಅರ್ಧ ಸರ್ಕ್ಯೂಟ್ ಅಂದ್ರೆ ಒಂದು ಬೋಲ್ಟು, ಒಂದಿಷ್ಟು ತಗಡು. ಆ ಬೋಲ್ಟ್ ತುಕ್ಕು ಹಿಡಿದ್ರೆ ಅರ್ಧ ಸರ್ಕ್ಯೂಟ್ ಮಾಯ. ನಮ್ಮ ಹಿರಿಯರು ಹೆಡ್‌ಲೈಟ್ ಕೆಳಗೆ ಕೈ ಹಾಕಿ ಆ ಬೋಲ್ಟ್ ಬಿಚ್ಚಿದ್ರು. ಮಳೆನೀರಿಗೆ ಕಂದು ಪುಡಿ ಆಗಿತ್ತು. ಉಪ್ಪುಕಾಗದ ಹಾಕಿ ಉಜ್ಜಿ, ಹೊಸ ಲಗ್ ಹಾಕಿ, ಬಿಗಿ ಮಾಡಿದ್ರು. ಎಸಿ ಹಾಕಿದ ಕೂಡಲೇ ಫ್ಯಾನ್ ಗುಂಯ್ ಅಂತು. ಒಟ್ಟು ನಲವತ್ತು ನಿಮಿಷ. ಹುಡುಗ ಮಧ್ಯಾಹ್ನದ ಟ್ರಿಪ್ ಹಿಡಿದ.

ಅವರು ಆಮೇಲೆ ಒಂದು ಹಾಳೆ ತಂದು ಕಾರಿನ ಮುಂದಿನ ಜಾಲರಿಗೆ ಒಡ್ಡಿದ್ರು. ಹಾಳೆ ಒಳಕ್ಕೆ ಎಳೆದು ಅಂಟಿಕೊಂಡಿತು. ಇದು ಯಾಕಂದ್ರೆ, ರಿಪೇರಿ ಮಾಡೋವಾಗ ಎರಡು ವೈರ್ ಅದಲು ಬದಲಾದ್ರೆ ಎಷ್ಟೋ ಮೋಟಾರ್‌ಗಳು ಉಲ್ಟಾ ತಿರುಗುತ್ತವೆ. ನೋಡೋಕೆ ತಿರುಗ್ತಿರುತ್ತೆ, ಆದ್ರೆ ಗಾಳಿಯನ್ನ ಎದುರುಗಾಳಿಗೇ ತಳ್ಳುತ್ತೆ. ಫ್ಯಾನ್ ಸರಿಯಾಗಿ ತಿರುಗಿಯೂ ಹೀಟ್ ಆಗ್ತಿದ್ರೆ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಕೆಸರು, ಹುಳು, ಹತ್ತಿಯಂಥ ಕಸ ಗೂಡು ಕಟ್ಟಿರಬಹುದು. ಅಥವಾ ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಗೂಡು ಒಡೆದಿರಬಹುದು. ಇನ್ನು ಮೋಟಾರನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಶುರುವಾದ್ರೆ, ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಂತ. ಇವತ್ತು ತಟ್ಟಿದ್ರೆ ಓಡುತ್ತೆ, ನಾಳೆ ಓಡಲ್ಲ.

2000ದ ಆಸುಪಾಸಿನಿಂದ ನಮ್ಮಲ್ಲಿ ಮಾಲಿನ್ಯದ ನಿಯಮ ಬಿಗಿಯಾಗಿ, ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಜೊತೆಗೆ ಇಸಿಯು ಅನ್ನೋ ಕಂಪ್ಯೂಟರ್ ಬಂತು. ಹ್ಯಾರಿಸನ್‌ನ ಬಿಲ್ಲೆ ಮನೆಗೆ ಹೋಯ್ತು. ಈಗ ಬಿಸಿಯಾದಷ್ಟೂ ವಿದ್ಯುತ್ ತಡೆ ಕಡಿಮೆಯಾಗೋ ಒಂದು ಸೆನ್ಸರ್ ಎಂಜಿನ್ನಿನ ಬಿಸಿಯನ್ನ ಇಸಿಯುಗೆ ಹೇಳುತ್ತೆ, ಇಸಿಯು ರಿಲೇಗೆ ಹೇಳುತ್ತೆ. ಹಳೇ ಥರ್ಮೋ ಸ್ವಿಚ್ಚಿನ ಎರಡು ವೈರನ್ನ ಕೂಡಿಸಿ ಫ್ಯಾನ್ ತಿರುಗುತ್ತಾ ಅಂತ ನೋಡ್ತಿದ್ದ ಹಾಗೆ ಈ ಸೆನ್ಸರಿಗೆ ಮಾಡಬಾರದು. ಅದರ ಪ್ಲಗ್ ಕಿತ್ತರೆ ಮಾತ್ರ ತುಂಬಾ ಕಾರುಗಳಲ್ಲಿ ಇಸಿಯು ಗಾಬರಿಯಾಗಿ, ಯಾವುದಕ್ಕೂ ಇರಲಿ ಅಂತ ಫ್ಯಾನನ್ನ ಓಡಿಸಿಬಿಡುತ್ತೆ. ಸ್ಕ್ಯಾನರ್ ಹಾಕಿದಾಗ ಪಿ0480 ಅಂತ ಕೋಡ್ ಬಂದ್ರೆ ಫ್ಯಾನ್ ಕಂಟ್ರೋಲ್ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಅರ್ಥ. ಆದ್ರೆ ಗಮನಿಸಿ, ಜೆ.ಸಿ. ರಸ್ತೆಯ ಆ ತುಕ್ಕು ಹಿಡಿದ ಬೋಲ್ಟು ಇದ್ದದ್ದು ರಿಲೇ ಆಚೆಗೆ. ರಿಲೇಗೆ ಆಜ್ಞೆ ಕೊಟ್ಟು ಕೂತಿರೋ ಎಷ್ಟೋ ಇಸಿಯುಗಳಿಗೆ ಅಲ್ಲಿಂದ ಮುಂದಿನದ್ದು ಕಾಣಿಸಲ್ಲ. ಕೋಡ್ ಇಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ.

ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಕಾಡೋದು ಇದೇ. ಬೆಲ್ಟ್ ಫ್ಯಾನ್ ಸದಾ ತಿರುಗ್ತಿತ್ತು, ನಿಂತ್ರೆ ಕಾಣ್ತಿತ್ತು, ದೀಪವೂ ಹತ್ತುತ್ತಿತ್ತು. ಎಲೆಕ್ಟ್ರಿಕ್ ಫ್ಯಾನ್ ಬೇಕಾದಾಗ ಮಾತ್ರ ತಿರುಗುತ್ತೆ. ಹಾಗಾಗಿ ಅದು ಕೆಟ್ಟಿದ್ದು ಬೇಕಾದ ದಿನವೇ ಗೊತ್ತಾಗುತ್ತೆ. ದಿನಾ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹದಿನೈದು ನಿಮಿಷ ಓಡೋ ಕಾರಿನಲ್ಲಿ ಫ್ಯಾನ್ ತಿಂಗಳುಗಟ್ಟಲೆ ಸತ್ತು ಬಿದ್ದಿರಬಹುದು. ಬಿಸಿಯನ್ನ ತೋರಿಸೋ ವ್ಯವಸ್ಥೆಯೂ ಉಲ್ಟಾ ದಿಕ್ಕಿನಲ್ಲಿ ಬೆಳೆದಿದೆ. 1910ರ ದಶಕದಲ್ಲಿ ಅಮೆರಿಕದ ಬಾಯ್ಸ್ ಮೋಟೋಮೀಟರ್ ಅನ್ನೋ ಥರ್ಮಾಮೀಟರ್ ರೇಡಿಯೇಟರ್ ಮುಚ್ಚಳದ ಮೇಲೇ ಕಿರೀಟದ ಹಾಗೆ ಕೂರ್ತಿತ್ತು. ಡ್ರೈವರ್ ಸೀಟಿನಿಂದಲೇ ಗಾಜಿನಾಚೆ ಕೆಂಪು ಗೆರೆ ಏರೋದು ಕಾಣ್ತಿತ್ತು. ಆಮೇಲೆ ಡ್ಯಾಶ್‌ಬೋರ್ಡಿಗೆ ಮುಳ್ಳು ಬಂತು. ಈಗ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ: ತಣ್ಣಗಿದ್ರೆ ನೀಲಿ ದೀಪ, ಕೈ ಮೀರಿದ ಮೇಲೆ ಕೆಂಪು ದೀಪ. ನಡುವೆ ಏನಾಗ್ತಿದೆ ಅಂತ ಕಾರಿಗೆ ಗೊತ್ತು, ನಮಗೆ ಹೇಳಲ್ಲ. ಇದು ನನಗೆ ಇಷ್ಟವಾಗದ ಬದಲಾವಣೆ. ಅಂಬಾಸಿಡರಿನ ಎರಕದ ಕಬ್ಬಿಣದ ಸಿಲಿಂಡರ್ ಹೆಡ್ ಒಂದೆರಡು ಸಲ ಕುದಿದ್ರೂ ಸಹಿಸಿಕೊಳ್ತಿತ್ತು. ಈಗಿನ ಅಲ್ಯೂಮಿನಿಯಂ ಹೆಡ್ ಬಾಗುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ನೂರಿನ್ನೂರು ರೂಪಾಯಿಯ ರಿಲೇ ನೋಡದೆ ಬಿಟ್ಟದ್ದಕ್ಕೆ ಎಂಜಿನ್ ಬಿಚ್ಚಬೇಕಾಗುತ್ತೆ.

ಹಾಗಾಗಿ ಕೆಂಪು ದೀಪ ಹತ್ತಿದ್ರೆ ಮಾಡಬೇಕಾದ್ದು: ಎಸಿ ಆಫ್, ಹೀಟರ್ ಫುಲ್. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರ್ರೇ, ಎಂಜಿನ್ನಿನ ಬಿಸಿಯನ್ನ ನಿಮ್ಮ ಕಡೆ ಎಳೆಯುತ್ತೆ. ಬೆವರಿಳಿಯಲಿ, ಪರವಾಗಿಲ್ಲ. ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಹಬೆ ಬರ್ತಿದ್ರೆ ಅದು ನಿಲ್ಲೋ ತನಕ ಬಾನೆಟ್ ತೆಗೀಬೇಡಿ. ಬಾನೆಟ್ ತೆಗೆದ ಮೇಲೆ ಬೆರಳು ಜೋಪಾನ: ಕೀ ತೆಗೆದಿದ್ರೂ ಕೆಲವು ಕಾರುಗಳಲ್ಲಿ ಫ್ಯಾನ್ ಹಠಾತ್ತನೆ ಶುರುವಾಗುತ್ತೆ. ಫ್ಯಾನ್ ಹತ್ತಿರ ಕೈ ಹಾಕೋ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚೋದು ಒಳ್ಳೇದು.

ಎಲೆಕ್ಟ್ರಿಕ್ ಕಾರು ಬಂದ್ರೆ ಈ ತಲೆನೋವೇ ಇರಲ್ಲ ಅಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಇರುತ್ತೆ. ದ್ರವದಿಂದ ತಂಪಾಗೋ ಬ್ಯಾಟರಿ ಇರೋ ಇವಿಗಳಲ್ಲಿ ರೇಡಿಯೇಟರೂ ಇದೆ, ಫ್ಯಾನೂ ಇದೆ. ರಾತ್ರಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಚಾರ್ಜಿಗೆ ಹಾಕಿದ ಕಾರು, ಒಳಗೆ ಯಾರೂ ಇಲ್ಲದೆ, ಗುಂಯ್ ಅನ್ನೋದನ್ನ ಕೇಳಿ ವಾಚ್‌ಮನ್ ಬೆಚ್ಚಿದ್ರೆ ಆಶ್ಚರ್ಯ ಇಲ್ಲ. ಕಾರು ನಿಂತಿರೋವಾಗ ಗಾಳಿ ಎಳೀಬೇಕು ಅನ್ನೋ ಮೈಬಾಖ್‌ನ ಕೆಲಸವನ್ನೇ ಅದು ಮಾಡ್ತಿರುತ್ತೆ.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲಿ ಅಂಬಾಸಿಡರ್ ಅಥವಾ ಪದ್ಮಿನಿ ಓಡಿಸಿದ ತಾತನೋ ದೊಡ್ಡಪ್ಪನೋ ಇದ್ರೆ, ಘಾಟಿಯಲ್ಲಿ ಬೆಲ್ಟ್ ಹರಿದಾಗ ಏನು ಮಾಡ್ತಿದ್ರು ಅಂತ ಕೇಳಿ, ಅವರದ್ದೇ ದನಿಯಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಒಳ್ಳೆಯವನ್ನ ಮುಂದಿನ ವಾರ ಕೇಳಿಸ್ತೀನಿ.